ಪಹಣಿಯ ಹನ್ನೆರಡನೇ ಕಾಲಂ: ರಾಯಚೂರು ಸೀಮೆಯ ಭೂಹಕ್ಕು ಮತ್ತು ಬಡತನ

ಪಹಣಿಯಲ್ಲಿ ಓದಬೇಕಾದ ಕಾಲಂಗಳು ಮುಖ್ಯವಾಗಿ ಮೂರು. 9ರಲ್ಲಿ ಹೊಲದ ಮಾಲೀಕರ ಹೆಸರು, 11ರಲ್ಲಿ ಬ್ಯಾಂಕಿನ ಬೋಜಾ, ತಂಟೆ ತಕರಾರು, 12ರಲ್ಲಿ ಆ ವರ್ಷ ಹೊಲ ಮಾಡಿದವರು ಯಾರು, ಏನು ಬೆಳೆದರು ಎಂಬುದು. ಮಾನ್ವಿ ಕಡೆಯ ಭತ್ತದ ಗದ್ದೆಯ ಬದುವಿನಲ್ಲಿ ನಿಂತು ಇದು ಯಾರದೆಂದು ಕೇಳಿದರೆ ಒಂದು ಹೆಸರು ಬರುತ್ತದೆ. ಮಾಡೋರು ಯಾರೆಂದು ಕೇಳಿದರೆ “ಲೀಜಿಗೆ ನಾವೇ ಮಾಡ್ತೀವ್ರಿ” ಎಂಬ ಉತ್ತರ. ಈ ಎರಡನೆಯವರ ಹೆಸರು ಕಾಗದಕ್ಕೆ ಬರುವುದೇ ಇಲ್ಲ. 12ನೇ ಕಾಲಂನಲ್ಲಿ ಮಾಲೀಕರ ಹೆಸರೇ ಇರುತ್ತದೆ, ಇಲ್ಲವೇ ‘ಸ್ವಂತ’ ಎಂದಿರುತ್ತದೆ.

ರಾಯಚೂರಿನ ಬಡತನದ ಬಗ್ಗೆ ವರದಿಗಳಿಗೇನೂ ಬರವಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ದೇವದುರ್ಗ ಆ ಪಟ್ಟಿಯಲ್ಲಿದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 60ಕ್ಕೂ ತುಸು ಕಡಿಮೆ. 2018ರಲ್ಲಿ ನೀತಿ ಆಯೋಗ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ ಎರಡೇ. ಶಾಲೆ, ಆಸ್ಪತ್ರೆ, ಮಳೆಯ ಲೆಕ್ಕ ಈ ವರದಿಗಳಲ್ಲಿ ವಿವರವಾಗಿ ಸಿಗುತ್ತದೆ. ಆದರೆ ಹೊಲದ ಮೇಲಿನ ಹಕ್ಕು, ಹೊಲಕ್ಕೆ ಬರುವ ನೀರು, ಹೊಲದಲ್ಲಿ ದುಡಿಯುವ ಕೈ, ಈ ಮೂರೂ ಬೇರೆಬೇರೆಯವರ ಪಾಲಾದಾಗ ಅಭಿವೃದ್ಧಿಯ ಹಣ ಯಾರಿಗೆ ಮುಟ್ಟುತ್ತದೆ ಎಂಬ ಪ್ರಶ್ನೆಯನ್ನು ಅವು ಅಷ್ಟಾಗಿ ಎತ್ತುವುದಿಲ್ಲ.

ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ದೋಆಬು 1948ರವರೆಗೆ ನಿಜಾಮರ ಸೀಮೆ. ಜಾಗೀರು, ಪಾಯಿಗಾ, ಇನಾಮು, ಸರ್ಫೆ ಖಾಸ್ ಎಂದು ಹಂಚಿಹೋಗಿದ್ದ ನೆಲದಲ್ಲಿ ಉಳುವವನಿಗೂ ಸರ್ಕಾರಕ್ಕೂ ನಡುವೆ ಹಲವು ಕೈಗಳಿದ್ದವು. 1949ರಲ್ಲಿ ಜಾಗೀರು ರದ್ದಾಯಿತು. 1950ರ ಹೈದರಾಬಾದ್ ಗೇಣಿ ಕಾಯ್ದೆ ‘ರಕ್ಷಿತ ಗೇಣಿದಾರ’ ಎಂಬ ಹೊಸ ವರ್ಗವನ್ನು ಹುಟ್ಟುಹಾಕಿತು. ಆಮೇಲೆ ನಡೆದದ್ದನ್ನು ಅರ್ಥಶಾಸ್ತ್ರಜ್ಞ ಎ.ಎಂ. ಖುಸ್ರೊ ಹಳೆಯ ಹೈದರಾಬಾದ್ ರಾಜ್ಯದಲ್ಲಿ ನಡೆಸಿದ ಸಮೀಕ್ಷೆ ಬಿಚ್ಚಿಟ್ಟಿದೆ. 1951ರಲ್ಲಿ ರಕ್ಷಣೆ ಪಡೆದ ನೂರು ಗೇಣಿದಾರರಲ್ಲಿ ನಾಲ್ಕು ವರ್ಷದ ಬಳಿಕ ಗೇಣಿದಾರರಾಗಿಯೇ ಉಳಿದವರು ಸುಮಾರು 45. ಹೊಲ ಕೊಂಡು ಮಾಲೀಕರಾದವರು 12. ಸುಮಾರು 22 ಮಂದಿಯನ್ನು ಕಾನೂನುಬಾಹಿರವಾಗಿ ಎಬ್ಬಿಸಲಾಗಿತ್ತು. ಇನ್ನು 17–18 ಮಂದಿ ‘ಸ್ವಇಚ್ಛೆ’ಯಿಂದ ಬಿಟ್ಟುಕೊಟ್ಟಿದ್ದರಂತೆ. ಆ ಇಚ್ಛೆ ಯಾರದಾಗಿತ್ತೆಂದು ಊರಿನ ಚಾವಡಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಜಮೀನೆಲ್ಲ ಸರ್ಕಾರದ ವಶವಾದಾಗ, ಈ ಭಾಗದಲ್ಲಿ ಕಾಗದದ ಮೇಲೆ ಗೇಣಿದಾರರೇ ಕಡಿಮೆ ಉಳಿದಿದ್ದರು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಫಾರಂ 7ರಲ್ಲಿ ಅರ್ಜಿ ಕೊಟ್ಟು ಹೊಲದ ಒಡೆಯರಾದಷ್ಟು ಜನ ಇಲ್ಲಿ ಆಗಲಿಲ್ಲ. ಭೂ ನ್ಯಾಯಮಂಡಳಿಗಳ ಮುಂದೆ ಗೇಣಿದಾರನ ಕೈಯಲ್ಲಿದ್ದ ಬಲವಾದ ದಾಖಲೆ ಇದೇ 12ನೇ ಕಾಲಂ. ಅಲ್ಲಿ ಹೆಸರಿದ್ದವನಿಗೆ ಹೊಲ ಸಿಕ್ಕೀತು, ಇಲ್ಲದವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆದ. ಭೂಮಾಲೀಕರು ಆ ಪಾಠವನ್ನು ಚೆನ್ನಾಗಿ ಕಲಿತರು. ಅಂದಿನಿಂದ 12ನೇ ಕಾಲಂಗೆ ಬೇರೊಬ್ಬರ ಹೆಸರು ಸೇರದಂತೆ ಕಾಯುವುದೇ ಒಡೆತನ ಉಳಿಸಿಕೊಳ್ಳುವ ಜಾಣತನವಾಯಿತು. ಬಡವನಿಗೆ ಹೊಲ ಕೊಡಿಸಿದ ಕಾಲಂ ಬಡವನ ಹೆಸರನ್ನೇ ಹೊರಗಿಡುವ ಕಾಲಂ ಆಯಿತು.

ಇದರ ಪರಿಣಾಮ ಢಾಳಾಗಿ ಕಾಣುವುದು ನೀರು ಬಂದ ಕಡೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯಿತು. ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು ದಾಟಿ, ಮಾನ್ವಿ ಮತ್ತು ರಾಯಚೂರು ತಾಲ್ಲೂಕು ಮುಟ್ಟುವ ಹೊತ್ತಿಗೆ 227 ಕಿ.ಮೀ. ಆಗುತ್ತದೆ. ಜೋಳ, ಹತ್ತಿಯಂಥ ಬೆಳೆಗಳಿಗೆ ಹದ ನೀರು ಕೊಟ್ಟು ಬರ ತಡೆಯುವುದು ಮೂಲ ಯೋಜನೆಯ ಉದ್ದೇಶ. ಕರಾವಳಿ ಆಂಧ್ರದಿಂದ ಬಂದ ರೈತರು ಅಗ್ಗದ ಬೆಲೆಗೆ ಹೊಲ ಕೊಂಡು, ಕ್ಯಾಂಪು ಕಟ್ಟಿ ಭತ್ತ ಹಾಕಿದರು; ಸ್ಥಳೀಯರೂ ಅದೇ ದಾರಿ ಹಿಡಿದರು. ಮೇಲಿನವರ ಭತ್ತ ಕೆಳಗಿನವರ ನೀರು ಕುಡಿದದ್ದು ಹೇಗೆಂಬುದನ್ನು ಪೀಟರ್ ಮೊಲ್ಲಿಂಗ ಇದೇ ನಾಲೆಯ ಮೇಲೆ ಮಾಡಿದ ಅಧ್ಯಯನ ವಿವರವಾಗಿ ದಾಖಲಿಸಿದೆ. ಹಿಂಗಾರಿನಲ್ಲಿ ರಾಯಚೂರಿನ ಪತ್ರಿಕೆಗಳಲ್ಲಿ ನಾಲೆಯ ‘ಮೈಲ್ 104’ ಎಂಬ ಮಾತು ಕಾಣಿಸಿಕೊಂಡರೆ ಅಲ್ಲಿ ಗೇಜಿನ ಮಟ್ಟ ಇಳಿದಿದೆ, ಕೊನೆಭಾಗದ ರೈತರು ರಸ್ತೆಗೆ ಇಳಿದಿದ್ದಾರೆ ಎಂದೇ ಲೆಕ್ಕ. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಕೊನೆಭಾಗದವರ ಎದೆ ಝಲ್ಲೆಂದದ್ದು ಇದಕ್ಕೇ.

ಪಹಣಿಯಲ್ಲಿ ‘ನೀರಾವರಿ’ ಎಂದಿರುವ ಹೊಲಕ್ಕೆ ಈ ವರ್ಷ ನೀರು ಬಂತೋ ಇಲ್ಲವೋ ಪಹಣಿಗೆ ಗೊತ್ತಿರುವುದಿಲ್ಲ. ನೀರು ಬಾರದಿದ್ದರೂ ಎಕರೆಗೆ ಇಷ್ಟು ಚೀಲ ಎಂದು ಮಾತಾಡಿದ ಲೀಜು ಮಾತ್ರ ಕೊಡಬೇಕು. ಮಾತು ಬರೀ ಬಾಯಿಮಾತು, ಏಕೆಂದರೆ ಭೂ ಸುಧಾರಣಾ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಹೊಲವನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಕಾಗದವಿಲ್ಲದವನಿಗೆ ಸೊಸೈಟಿ ಸಾಲವಿಲ್ಲ. ಬೀಜ, ಗೊಬ್ಬರಕ್ಕೆ ಅವನು ಗಂಜಿನ ಅಂಗಡಿಯ ಉದ್ರಿಯನ್ನೇ ನಂಬಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದಾಗ ಪರಿಹಾರದ ಹಣ ಹೋದದ್ದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಪಹಣಿ ಜೋಡಿಸಿಕೊಂಡವರ ಖಾತೆಗೆ, ಅಂದರೆ 9ನೇ ಕಾಲಂಗೆ. 2019ರಿಂದ ಬರುತ್ತಿರುವ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯದೂ ಇದೇ ಕಥೆ.

ದೇವದುರ್ಗದ ಸ್ಥಿತಿ ಇನ್ನೊಂದು ಬಗೆಯದು. ನಾರಾಯಣಪುರ ಬಲದಂಡೆ ನಾಲೆ ಬರುವವರೆಗೆ ಇದು ಬಹುಪಾಲು ಮಳೆ ನಂಬಿದ ನೆಲ, ಗುಳೆಯ ತಾಲ್ಲೂಕು. ಇಂದಿಗೂ ಸುಗ್ಗಿ ಮುಗಿದ ಮೇಲೆ ಬೆಂಗಳೂರು ಬಸ್ಸಿನಲ್ಲಿ ಪಾತ್ರೆ, ಹಾಸಿಗೆಯ ಗಂಟು, ಕೂಸು ಸಮೇತ ಹೊರಟ ಸಂಸಾರಗಳು ಕಾಣುತ್ತವೆ. ಇಂಥವರಲ್ಲಿ ಕೆಲವರಿಗೆ ಸರ್ಕಾರ ಮಂಜೂರು ಮಾಡಿದ ಹೊಲ ಉಂಟು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಪರಭಾರೆ ಮಾಡಬಾರದೆಂಬ ಕಾಯ್ದೆ 1979ರ ಜನವರಿ 1ರಿಂದ ಜಾರಿಯಲ್ಲಿದ್ದರೂ 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಹೊಲ ಮರಳಿ ಕೊಡಿಸಿ ಎಂದು 25 ವರ್ಷ ತಡವಾಗಿ ಬಂದ ಅರ್ಜಿ ನಿಲ್ಲದು ಎಂದಿತು. ಗುಳೆ ಹೋದವರಿಗೆ ಕಚೇರಿಯ ಗಡುವು ಗೊತ್ತಾಗುವುದು ಹೇಗೆ? 2023ರ ತಿದ್ದುಪಡಿ ಕಾಲಮಿತಿಯನ್ನೇ ತೆಗೆದುಹಾಕಿತು. ಇದು ತಡವಾಗಿ ಬಂದರೂ ಸರಿಯಾದ ಕ್ರಮ.

ಹೆಸರಾಂತ ಅರ್ಥಶಾಸ್ತ್ರಜ್ಞ, ಪೆರು ದೇಶದ ಹೆರ್ನಾಂಡೊ ಡಿ ಸೋಟೊ ಬಡವರ ಕೈಗೆ ಆಸ್ತಿಪತ್ರ ಕೊಟ್ಟರೆ ಸಾಲ, ಬಂಡವಾಳ ತಾನಾಗಿ ಹಿಂದೆ ಬರುತ್ತದೆಂದು 2000ದಲ್ಲಿ ವಾದಿಸಿದರು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿದ್ದೂ ಅದೇ ಹೊತ್ತಿಗೆ. ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು, ಅದು ಸಣ್ಣ ಲಾಭವಲ್ಲ. ಆದರೆ ಗಣಕ ಇರುವುದನ್ನೇ ಅಚ್ಚು ಹಾಕುತ್ತದೆ. ಸುಳ್ಳು ‘ಸ್ವಂತ’ ಈಗ ಅಂದವಾಗಿ ಅಚ್ಚಾಗಿ ಬರುತ್ತದೆ, ಅಷ್ಟೆ.

ಹೆಣ್ಣುಮಕ್ಕಳ ಹೆಸರಂತೂ 9, 12 ಎರಡೂ ಕಾಲಂಗಳಲ್ಲಿ ವಿರಳ. ನಾಟಿ, ಕಳೆ, ಹತ್ತಿ ಬಿಡಿಸುವುದು ಅವರ ಕೈಯಲ್ಲೇ ನಡೆದರೂ 2015–16ರ ಕೃಷಿ ಗಣತಿಯಂತೆ ದೇಶದಲ್ಲಿ ಮಹಿಳೆಯರು ನಡೆಸುವ ಹಿಡುವಳಿ ಶೇ. 14ರ ಆಸುಪಾಸು. ಮಗಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂದಿದೆ. ವಾರಸಾ ಮಾಡಿಸುವಾಗ ‘ಹಕ್ಕು ಬಿಟ್ಟೆ’ ಎಂದು ಸಹಿ ಹಾಕಿಸಿಕೊಳ್ಳುವ ರೂಢಿ ಅದಕ್ಕಿಂತ ಹಳೆಯದು. ಮಾನ್ವಿ–ಸಿಂಧನೂರು ದಾರಿಯ ಪೋತ್ನಾಳದಲ್ಲಿ ದಲಿತ ಕೂಲಿ ಹೆಂಗಸರು ಕಟ್ಟಿದ ಜಾಗೃತ ಮಹಿಳಾ ಸಂಘಟನೆಯಂಥವು ಕೂಲಿಯ ಪ್ರಶ್ನೆಯನ್ನು ಬೀದಿಗೆ ತಂದಿವೆ. ಭೂರಹಿತ ಪರಿಶಿಷ್ಟ ಮಹಿಳೆಗೆ ಅರ್ಧ ಸಹಾಯಧನ, ಅರ್ಧ ಸಾಲದಲ್ಲಿ ಹೊಲ ಕೊಡಿಸುವ ‘ಭೂ ಒಡೆತನ’ ಯೋಜನೆ ಒಳ್ಳೆಯದೇ. ನಾಲೆ ಕೆಳಗಿನ ಹೊಲದ ಬೆಲೆಯ ಮುಂದೆ ಅದು ಎಷ್ಟು ದೂರ ಓಡೀತು ಎಂಬುದು ಬೇರೆ ಮಾತು.

ಬೇರೆ ದಾರಿಗಳಿಲ್ಲ ಎನ್ನುವಂತಿಲ್ಲ. ಪಶ್ಚಿಮ ಬಂಗಾಳ 1978ರಿಂದ ‘ಆಪರೇಷನ್ ಬರ್ಗಾ’ ನಡೆಸಿ ಹತ್ತು ಲಕ್ಷಕ್ಕೂ ಹೆಚ್ಚು ಪಾಲುಗಾರರ ಹೆಸರು ದಾಖಲಿಸಿತು. ಆಂಧ್ರಪ್ರದೇಶ 2011ರಲ್ಲಿ ಗೇಣಿದಾರರಿಗೆ ಸಾಲದ ಅರ್ಹತಾ ಕಾರ್ಡು ಕೊಡುವ ಕಾನೂನು ಮಾಡಿ, 2019ರಲ್ಲಿ ಅದನ್ನು ತಿದ್ದಿ ಬರೆಯಿತು. ಮಾಲೀಕರ ಹಕ್ಕಿಗೆ ಚ್ಯುತಿಯಿಲ್ಲ ಎಂಬ ಭರವಸೆಯೂ ಅದರಲ್ಲಿತ್ತು. ಕೃಷ್ಣೆಯ ಆಚೆ ದಂಡೆಯ ತೆಲಂಗಾಣ ಮಾತ್ರ 2018ರ ‘ರೈತಬಂಧು’ವಿನಲ್ಲಿ ಪಟ್ಟಾದಾರರಿಗೇ ಎಕರೆ ಲೆಕ್ಕದಲ್ಲಿ ಹಣ ಹಾಕಿ ಗೇಣಿದಾರರನ್ನು ಹೊರಗಿಟ್ಟಿತು, ರಾಯಚೂರಿನ ತಪ್ಪನ್ನೇ ದೊಡ್ಡದಾಗಿ ಮಾಡಿದಂತಾಯಿತು. ಟಿ. ಹಕ್ ಸಮಿತಿ 2016ರಲ್ಲಿ ರಾಜ್ಯಗಳಿಗೆಂದು ಮಾದರಿ ಗೇಣಿ ಕಾಯ್ದೆಯನ್ನೇ ಬರೆದುಕೊಟ್ಟಿದೆ. 9ನೇ ಕಾಲಂಗೆ ಧಕ್ಕೆಯಾಗದೆ 12ನೇ ಕಾಲಂ ತುಂಬುವ ಉಪಾಯ ಅದರಲ್ಲಿದೆ.

ಕರ್ನಾಟಕ ಅದನ್ನು ಮುಟ್ಟಲಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯನ್ನು ತಿದ್ದಿ ಸೆಕ್ಷನ್ 79ಎ, 79ಬಿಗಳನ್ನು ತೆಗೆದುಹಾಕಿತು. ಈಗ ಕೃಷಿಕನಲ್ಲದವನೂ ಹಣವಿದ್ದರೆ ಮಾನ್ವಿಯಲ್ಲಿ ಹೊಲ ಕೊಳ್ಳಬಹುದು. ಅದೇ ಹೊಲವನ್ನು ಒಂದು ಹಂಗಾಮಿಗೆ ಕಾಗದ ಮಾಡಿಕೊಂಡು ಲೀಜಿಗೆ ಹಿಡಿಯಲು ಅಲ್ಲಿನ ಕೂಲಿಕಾರನಿಗೆ ಸೆಕ್ಷನ್ 5 ಬಿಡುವುದಿಲ್ಲ.