ಗುರುವಿನ ಹೊಣೆ, ಶಿಷ್ಯನ ದಂಡ

ಶಿಷ್ಯನು ಮಾಡಿದ ತಪ್ಪಿನಲ್ಲಿ ಗುರುವಿನ ಪಾಲು ಎಷ್ಟು ಎಂಬ ಪ್ರಶ್ನೆ ಹಳೆಯದು. ಕ್ರೀಡಾರಂಗದಲ್ಲಿ ಅದು ಕಳೆದ ಐವತ್ತು ವರ್ಷಗಳಲ್ಲಿ ಹೊಸ ತೀವ್ರತೆಯನ್ನು ಪಡೆದಿದೆ. ಆಟದೊಡನೆ ಹಣ, ಉದ್ಯೋಗ, ಕೀರ್ತಿಗಳು ಸೇರಿಕೊಂಡಂತೆ, ಆಟಗಾರರನ್ನು ಆಯ್ದು ಬೆಳೆಸುವ ತರಬೇತುದಾರನ ಅಧಿಕಾರವೂ ಬೆಳೆದಿದೆ. ಆದರೆ ಆ ಅಧಿಕಾರಕ್ಕೆ ತಕ್ಕ ಹೊಣೆಯನ್ನು ಅಳೆಯುವ ನ್ಯಾಯದ ತಕ್ಕಡಿ ಮಾತ್ರ ಒಂದೇ ಸಮನಾಗಿ ನಿಂತದ್ದು ಅಪರೂಪ.

ನಾಡಪ್ರಭುಗಳ ಮೂಲನೆಲೆಯೆಂದು ಹೆಸರಾದ ಆವತಿಯಿಂದ ದೇವನಹಳ್ಳಿಯನ್ನು ದಾಟಿ ಬೆಂಗಳೂರಿನ ಕಡೆಗೆ ಸಾಗುವ ಬಳ್ಳಾರಿ ರಸ್ತೆಯಲ್ಲಿ ವಿದ್ಯಾನಗರವಿದೆ. ಅಲ್ಲಿ ರಾಜ್ಯ ಸರ್ಕಾರದ ಕ್ರೀಡಾ ವಸತಿನಿಲಯವಿದೆ. ಇನ್ನೂ ಮುಂದೆ, ಯಲಹಂಕದ ಪರಿಸರದಲ್ಲಿ, 2017ರಲ್ಲಿ ಆರಂಭವಾದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರವಿದೆ. ಹಳ್ಳಿಯ ಬಾಲಕನೋ ಬಾಲಕಿಯೋ ಇಂತಹ ಸಂಸ್ಥೆಯ ಬಾಗಿಲನ್ನು ಪ್ರವೇಶಿಸಿದಾಗ, ಊಟ, ನಿದ್ರೆ, ಅಭ್ಯಾಸ, ಔಷಧ ಎಲ್ಲವೂ ತರಬೇತುದಾರನ ಮಾತಿಗೆ ಒಳಪಡುತ್ತವೆ. ತಂದೆತಾಯಿಗಳು ಮಗುವನ್ನು ಒಪ್ಪಿಸುವುದು ಕಟ್ಟಡಕ್ಕಲ್ಲ, ಆ ಗುರುವಿಗೆ. ಆದುದರಿಂದಲೇ ಗುರುವಿನ ತಪ್ಪನ್ನು ವಿಚಾರಿಸುವ ಕ್ರಮ ಸಾಮಾನ್ಯ ಕುಟುಂಬಗಳಿಗೂ ಸಂಬಂಧಿಸಿದ ವಿಷಯವಾಗಿದೆ.

ಆಟಗಾರರನ್ನು ಸೇರಿಸಿಕೊಳ್ಳುವ ವಿಧಾನಕ್ಕೆ ಅತಿ ವಿಸ್ತಾರವಾದ ನಿಯಮಗಳನ್ನು ರಚಿಸಿದ್ದು ಅಮೆರಿಕದ ಕಾಲೇಜುಗಳು. ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ, ವಿದ್ಯಾರ್ಥಿವೇತನದ ಹೊರತು ಆಟಗಾರನಿಗೆ ಹಣ ಕೊಡುವುದನ್ನು ದಶಕಗಳ ಕಾಲ ನಿಷೇಧಿಸಿತ್ತು. ಟೆಕ್ಸಾಸ್ ರಾಜ್ಯದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಆಟಗಾರರಿಗೆ ಗುಟ್ಟಾಗಿ ಹಣ ಸಂದಾಯವಾದುದು ರುಜುವಾತಾಗಿ, ಆ ಸಂಸ್ಥೆಯ 1987ರ ಇಡೀ ಋತುವಿನ ಆಟವನ್ನೇ ರದ್ದುಪಡಿಸಲಾಯಿತು. ಹಣವನ್ನು ಕೊಟ್ಟವರು ಶ್ರೀಮಂತ ಅಭಿಮಾನಿಗಳು. ಅದು ಮುಂದುವರಿಯಲೆಂದು ಒಪ್ಪಿದವರಲ್ಲಿ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದ ಬಿಲ್ ಕ್ಲೆಮೆಂಟ್ಸ್ ಅವರೂ ಇದ್ದರು. ಅವರು ಮುಂದೆ ಆ ರಾಜ್ಯದ ಗವರ್ನರ್ ಪದವಿಯಲ್ಲೇ ಇದ್ದರು. ತರಬೇತುದಾರ ಬಾಬಿ ಕಾಲಿನ್ಸ್ ಅವರಿಗೆ ನಿಷೇಧ ವಿಧಿಸಲಿಲ್ಲವಾದರೂ, ಮತ್ತೆ ಯಾವ ಕಾಲೇಜೂ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಕರೆಯಲಿಲ್ಲ. ಏನೂ ತಿಳಿಯದ ಆಟಗಾರರು ಸಹ ತಂಡವನ್ನು ಕಳೆದುಕೊಂಡರು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಲ್ಲಿಯೇ ಇದೆ. ಲಾಸ್ ವೇಗಾಸ್‌ನ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜೆರ್ರಿ ಟಾರ್ಕೇನಿಯನ್ ಅವರನ್ನು ಎರಡು ವರ್ಷ ಅಮಾನತಿನಲ್ಲಿಡಬೇಕೆಂದು ಎನ್‌ಸಿಎಎ 1977ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೂಚಿಸಿತು. ತಮ್ಮ ವಾದಕ್ಕೆ ನ್ಯಾಯವಾದ ಅವಕಾಶ ದೊರೆಯಲಿಲ್ಲವೆಂದು ಅವರು ನ್ಯಾಯಾಲಯಕ್ಕೆ ಹೋದರು. 1988ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದು–ನಾಲ್ಕರ ಬಹುಮತದಿಂದ, ಆ ಸಂಘ ಸರ್ಕಾರದ ಅಂಗವಲ್ಲವಾದ್ದರಿಂದ ಸಂವಿಧಾನದ ವಿಚಾರಣಾ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಹತ್ತು ವರ್ಷಗಳ ನಂತರ, 1998ರಲ್ಲಿ, ಅದೇ ಸಂಘ ಇಪ್ಪತ್ತೈದು ಲಕ್ಷ ಡಾಲರುಗಳನ್ನು ಕೊಟ್ಟು ಅವರೊಡನೆ ರಾಜಿಯಾಯಿತು. 2025ರ ಜುಲೈಯಿಂದ ಅಲ್ಲಿನ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ಅನುಮತಿ ದೊರೆತಿದೆ. ನಿನ್ನೆಯ ಅಪರಾಧ ಇಂದಿನ ವೇತನವಾಗಿದೆ. ದಂಡ ತೆತ್ತವರ ವರ್ಷಗಳು ಮಾತ್ರ ಮರಳುವುದಿಲ್ಲ.

ಭಾರತದಲ್ಲಿ ಕಾಲೇಜು ಕ್ರೀಡೆಗೆ ಅಷ್ಟು ಹಣವಿಲ್ಲ. ಇಲ್ಲಿ ಪ್ರಶ್ನೆ ಎದುರಾದದ್ದು ರಾಷ್ಟ್ರೀಯ ತರಬೇತಿ ಶಿಬಿರಗಳಲ್ಲಿ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ 4×400 ಮೀಟರ್ ರಿಲೇಯ ಚಿನ್ನವನ್ನು ಗೆದ್ದ ತಂಡದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಇದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿಯೂ ಅವರು ಚಿನ್ನ ಪಡೆದರು. 2011ರ ಬೇಸಗೆಯ ಪರೀಕ್ಷೆಗಳಲ್ಲಿ ಅವರೂ ಸೇರಿದಂತೆ ಆರು ಮಂದಿ ಓಟಗಾರ್ತಿಯರ ದೇಹದಲ್ಲಿ ನಿಷೇಧಿತ ಸ್ಟಿರಾಯ್ಡ್‌ಗಳು ಪತ್ತೆಯಾದವು. ತರಬೇತುದಾರ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಪುಷ್ಟಿದ್ರವ್ಯವೇ ಇದಕ್ಕೆ ಕಾರಣವೆಂಬುದು ಓಟಗಾರ್ತಿಯರ ವಾದವಾಗಿತ್ತು.

ಪ್ರಕರಣ ಹೊರಬಿದ್ದ ಕೆಲವೇ ದಿನಗಳಲ್ಲಿ ಕ್ರೀಡಾ ಸಚಿವಾಲಯ ಉಕ್ರೇನಿನ ಆ ತರಬೇತುದಾರರನ್ನು ವಜಾ ಮಾಡಿತು. ರಾಷ್ಟ್ರೀಯ ಉದ್ದೀಪನ ಔಷಧ ನಿಗ್ರಹ ಸಂಸ್ಥೆಯ ಶಿಸ್ತು ಸಮಿತಿ, ಓಟಗಾರ್ತಿಯರು ತರಬೇತುದಾರರನ್ನು ನಂಬಿದ್ದರೆಂಬುದನ್ನು ಗಣನೆಗೆ ತೆಗೆದುಕೊಂಡು, 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ಮೇಲ್ಮನವಿಯ ಮೇಲೆ 2012ರಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಸೇರುವ ಪ್ರತಿಯೊಂದು ವಸ್ತುವಿಗೂ ಆಟಗಾರನೇ ಹೊಣೆಗಾರನೆಂಬುದು ಆ ನಿಯಮದ ತಿರುಳು. ಲಂಡನ್ ಒಲಿಂಪಿಕ್ಸ್ ಅವರ ಕೈತಪ್ಪಿತು. ತರಬೇತುದಾರರು ಕೆಲವು ವರ್ಷಗಳ ನಂತರ ಭಾರತದ ಓಟಗಾರರ ಶಿಬಿರಕ್ಕೆ ಮರಳಿದರು. ಅವರು ದೋಷಿಗಳಾಗಿದ್ದರೆ ಕೆಲಸದಿಂದ ತೆಗೆದದ್ದು ಅತ್ಯಲ್ಪ ಶಿಕ್ಷೆ; ನಿರ್ದೋಷಿಗಳಾಗಿದ್ದರೆ ವಿಚಾರಣೆಗೆ ಮೊದಲೇ ಕೆಲಸದಿಂದ ತೆಗೆದದ್ದು ಅನ್ಯಾಯ. ಶಿಷ್ಯೆಯರ ತಪ್ಪಿಗೆ ತೀರ್ಪು ದೊರೆಯಿತು, ಗುರುವಿಗೆ ದೊರೆತದ್ದು ಆದೇಶ ಮಾತ್ರ.

ಇನ್ನೊಂದು ಪ್ರಕರಣ ಬೆಂಗಳೂರಿನದೇ. ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಅವರ ಜನ್ಮದಿನಾಂಕವನ್ನು ತಿದ್ದಿ, ಕಿರಿಯರ ಪಂದ್ಯಗಳಲ್ಲಿ ಆಡಿಸಲಾಯಿತೆಂಬ ದೂರಿನ ಮೇಲೆ 2022ರಲ್ಲಿ ಪೊಲೀಸ್ ಮೊಕದ್ದಮೆ ದಾಖಲಾಯಿತು. ಅವರ ತಂದೆತಾಯಿ ಮತ್ತು ಸಹೋದರರ ಜೊತೆಗೆ, 1994ರಲ್ಲಿ ಪ್ರಕಾಶ್ ಪಡುಕೋಣೆ ಅವರೊಡನೆ ಅಕಾಡೆಮಿಯನ್ನು ಕಟ್ಟಿದ ತರಬೇತುದಾರ ವಿಮಲ್ ಕುಮಾರ್ ಅವರೂ ಆರೋಪಿಗಳಾದರು. ಕ್ರೀಡಾ ಪ್ರಾಧಿಕಾರದ ವಿಚಾರಣೆ ಅದಕ್ಕೂ ಮೊದಲೇ ಮುಕ್ತಾಯಗೊಂಡಿತ್ತು. ವೈದ್ಯಕೀಯ ಪರೀಕ್ಷೆಗಳು ದಾಖಲೆಯ ವಯಸ್ಸನ್ನೇ ಸಮರ್ಥಿಸಿದ್ದವು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟು ಮೊಕದ್ದಮೆಯನ್ನು ರದ್ದುಪಡಿಸಲು ನಿರಾಕರಿಸಿತು. ಅದೇ ವರ್ಷದ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವು ಇದು ನ್ಯಾಯ ಪ್ರಕ್ರಿಯೆಯ ದುರುಪಯೋಗವೆಂದು ಹೇಳಿ ಎಲ್ಲರನ್ನೂ ಬಿಡುಗಡೆ ಮಾಡಿತು. ಹೆಸರಿಗೆ ಕಳಂಕ ಹತ್ತಿಸುವ ಕಾರ್ಯ ಒಂದು ದಿನದ್ದು. ಅದನ್ನು ತೊಳೆಯಲು ವರ್ಷಗಳೇ ಬೇಕಾದವು.

ಈ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ. ಒಂದು ಕಡೆ ಗುರುವಿನ ಕೃತ್ಯದ ಪರಿಶೀಲನೆಯೇ ನಡೆಯುವುದಿಲ್ಲ. ಇನ್ನೊಂದು ಕಡೆ ಆಧಾರವಿಲ್ಲದ ಆರೋಪಕ್ಕೆ ಅವನು ಸಿಲುಕುತ್ತಾನೆ. ಎರಡರಲ್ಲಿಯೂ ಇಲ್ಲದಿರುವುದು ವಿವೇಚನೆ. ಕರ್ಮವನ್ನು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಾಗಿ ವಿಂಗಡಿಸಿದ ಜೈನಾಚಾರ್ಯರ ಕ್ರಮ ಇಲ್ಲಿ ಉಪಯುಕ್ತವಾಗಿದೆ. ತಾನೇ ಮಾಡಿದವನು, ಇನ್ನೊಬ್ಬನಿಂದ ಮಾಡಿಸಿದವನು, ನೋಡಿಯೂ ಒಪ್ಪಿಕೊಂಡವನು, ಮೂವರೂ ಹೊಣೆಗಾರರೇ. ಆದರೆ ಪ್ರತಿಯೊಬ್ಬನ ಪಾಲನ್ನು ಅವನವನ ಭಾವ, ಜ್ಞಾನ, ಪ್ರಮಾದಗಳಿಂದಲೇ ಅಳೆಯಬೇಕು. ಮದ್ದನ್ನು ಕೊಟ್ಟ ಗುರು ಕಾರಿತದ ಹೊಣೆಗಾರ. ತಿಳಿದೂ ಕಣ್ಣುಮುಚ್ಚಿದ ಆಡಳಿತಗಾರ ಅನುಮತದ ಹೊಣೆಗಾರ. ಏನನ್ನೂ ಅರಿಯದವನನ್ನು ಪದವಿಯ ಕಾರಣಕ್ಕೇ ದಂಡಿಸುವುದು ಈ ಲೆಕ್ಕದಲ್ಲಿ ಎಲ್ಲಿಯೂ ಸೇರುವುದಿಲ್ಲ.

ನಿಯಮಗಳು ನಿಧಾನವಾಗಿ ಈ ದಾರಿಗೆ ಬರುತ್ತಿವೆ. ಒಬ್ಬನೇ ತರಬೇತುದಾರನ ಕೈಕೆಳಗಿನ ಒಬ್ಬರಿಗಿಂತ ಹೆಚ್ಚು ಆಟಗಾರರು ಸಿಕ್ಕಿಬಿದ್ದರೆ ಅವನ ಬಗೆಗೂ ತನಿಖೆ ನಡೆಯಲೇಬೇಕೆಂದು 2015ರ ವಿಶ್ವ ಉದ್ದೀಪನ ನಿಗ್ರಹ ಸಂಹಿತೆ ವಿಧಿಸಿತು. ವಯಸ್ಸಿನ ವಂಚನೆಯನ್ನು ತಡೆಯಲು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿದ ಕರಡು ಸಂಹಿತೆಯಲ್ಲಿ ತರಬೇತುದಾರರಿಗೂ ದಂಡವಿದೆ. ತಾವಾಗಿಯೇ ನಿಜ ವಯಸ್ಸನ್ನು ತಿಳಿಸಿದವರಿಗೆ ಕ್ಷಮೆಯ ಅವಕಾಶವೂ ಇದೆ. ಪ್ರಾಯಶ್ಚಿತ್ತದ ಬಗೆಗಳಲ್ಲಿ ಆಲೋಚನೆ, ಅಂದರೆ ತಪ್ಪನ್ನು ಮರೆಮಾಚದೆ ನಿವೇದಿಸುವುದು, ಮೊದಲನೆಯದು ಎಂಬುದನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು.

ದಂಡವು ಶೀಘ್ರವಾಗಿರಬೇಕು, ಆದರೆ ವಿಚಾರಣೆಯನ್ನು ನುಂಗಬಾರದು. ಕಠಿಣವಾಗಿರಬೇಕು, ಆದರೆ ದುರ್ಬಲನ ಮೇಲೆಯೇ ಬೀಳಬಾರದು. ಹದಿನಾರರ ಓಟಗಾರ್ತಿಗೆ ಎರಡು ವರ್ಷವೆಂದರೆ ಅರ್ಧ ಆಯುಷ್ಯ. ಅವಳ ಕೈಗೆ ಬಟ್ಟಲನ್ನು ಕೊಟ್ಟವನನ್ನೂ ಅದೇ ಪೀಠದ ಮುಂದೆ ನಿಲ್ಲಿಸಿ ಕೇಳುವ ದಿನ ಬಂದಾಗಲೇ ಆಟದಲ್ಲಿ ನ್ಯಾಯವಿದೆಯೆಂದು ಹೇಳಬಹುದು.