ಗಾಲಿಕುರ್ಚಿಯ ಶಸ್ತ್ರವೈದ್ಯೆ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅದು ಇಳಿಯುವ ದಿನವನ್ನು ಎಲ್ಲರೂ ಎದುರುನೋಡುತ್ತೇವೆ. ಆದರೆ ಅಂಥ ದಿನವೇ ಬಾರದ ಬೇನೆಗಳೂ ಇವೆ. ಸಂಧಿವಾತ, ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಮುಂತಾದವು ಒಮ್ಮೆ ಬಂದರೆ ಹಲವರ ಬಾಳಿನಲ್ಲಿ ಕೊನೆಯವರೆಗೂ ಉಳಿದುಬಿಡುತ್ತವೆ. ಗುಣಪಡಿಸುವ ಚಿಕಿತ್ಸೆ ಮುಗಿದ ಮೇಲೂ ಮಾಡಬೇಕಾದದ್ದು ಎಷ್ಟಿದೆ ಎಂಬುದನ್ನು ನಮ್ಮ ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಡಾ. ಮೇರಿ ವರ್ಗೀಸ್ ಅಗ್ರಗಣ್ಯರು.

1925ರಲ್ಲಿ ಕೊಚ್ಚಿಯ ಸೀಮೆಯಲ್ಲಿ ಜನಿಸಿದ ಮೇರಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯೆಯಾದರು. ಸ್ತ್ರೀರೋಗ ತಜ್ಞೆಯಾಗುವುದು ಅವರ ಬಯಕೆಯಾಗಿತ್ತು. 1954ರ ಜನವರಿಯಲ್ಲಿ ಅವರು ಸಹೋದ್ಯೋಗಿಗಳೊಡನೆ ವಿಹಾರಕ್ಕೆ ಹೊರಟಿದ್ದ ವಾಹನವು ಅಪಘಾತಕ್ಕೀಡಾಯಿತು. ಮುಖಕ್ಕೆ ಆದ ಗಾಯ ಕಲೆಯಾಗಿ ಉಳಿಯಿತು. ಬೆನ್ನುಹುರಿಗೆ ಬಿದ್ದ ಪೆಟ್ಟಿನಿಂದ ಕಾಲುಗಳು ಚಲನೆಯನ್ನೂ ಸ್ಪರ್ಶವನ್ನೂ ಕಳೆದುಕೊಂಡವು.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಇಂಥ ಪೆಟ್ಟು ಬಿದ್ದವರಲ್ಲಿ ಬಹುಮಂದಿ ಹಾಸಿಗೆಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗನೆ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಈ ಸ್ಥಿತಿಯನ್ನು ಬದಲಿಸತೊಡಗಿದರು. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಶುಚಿತ್ವ, ವ್ಯಾಯಾಮ, ಆಟ, ಕೆಲಸ: ಇವೇ ಅವರ ಮದ್ದುಗಳು. ದಿನದಿನದ ಸಣ್ಣ ಶುಶ್ರೂಷೆಯೇ ಆಯುಷ್ಯವನ್ನು ಉಳಿಸಿತು.

ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು. ಅವರ ಮಾರ್ಗದರ್ಶನದಲ್ಲಿ ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಆ ವಿದ್ಯೆಯನ್ನು ಕಲಿತರು. ನೋವು ತಿಳಿಯದೆ ಬೆರಳು ಸುಟ್ಟುಕೊಳ್ಳುತ್ತಿದ್ದ ರೋಗಿಗಳ ಕೈಗೆ ಸ್ಪರ್ಶವಿರಲಿಲ್ಲ. ಚಿಕಿತ್ಸೆ ಮಾಡುವ ವೈದ್ಯೆಯ ಕಾಲಿಗೂ ಸ್ಪರ್ಶವಿರಲಿಲ್ಲ. ಒಬ್ಬರ ಕಷ್ಟ ಇನ್ನೊಬ್ಬರಿಗೆ ಅರ್ಥವಾಗಲು ಹೆಚ್ಚು ಮಾತು ಬೇಕಾಗಿರಲಿಲ್ಲ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಅವರು ಸ್ವಾವಲಂಬಿಯಾಗಿ ಬಾಳುವ ತರಬೇತಿ ಪಡೆದರು. ಬಳಿಕ ನ್ಯೂಯಾರ್ಕಿನಲ್ಲಿ ಪುನಶ್ಚೇತನ ವೈದ್ಯಶಾಸ್ತ್ರವನ್ನು ಅಭ್ಯಸಿಸಿ ಮರಳಿ, 1963ರಲ್ಲಿ ವೆಲ್ಲೂರಿನ ಪುನಶ್ಚೇತನ ವಿಭಾಗದ ಹೊಣೆ ಹೊತ್ತರು. 1966ರಲ್ಲಿ ಬಾಗಾಯಂನಲ್ಲಿ ಪುನಶ್ಚೇತನ ಸಂಸ್ಥೆ ಆರಂಭವಾಯಿತು. ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿಯುವುದು, ಚರ್ಮವನ್ನು ದಿನವೂ ಪರೀಕ್ಷಿಸಿಕೊಳ್ಳುವುದು ಮುಂತಾದವು ಇಂಥ ತರಬೇತಿಯ ಪಾಠಗಳು. ಅಲ್ಲಿ ರೋಗಿಯ ಜೊತೆಗೆ ಮನೆಯವರೂ ಉಳಿದು ಕಲಿಯುತ್ತಾರೆ. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಡಾ. ಮೇರಿ 1986ರಲ್ಲಿ ನಿಧನರಾದರು. ಅಪಘಾತದ ನಂತರ ಅವರು ಬಾಳಿದ್ದು 32 ವರ್ಷ. ಆ ಕಾಲುಗಳು ಮತ್ತೆಂದೂ ನಡೆಯಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ, ನಿಮ್ಮ ನೆರೆಯಲ್ಲಿಯೂ ದೀರ್ಘಕಾಲದಿಂದ ನೋಯುತ್ತಿರುವವರು ಇರಬಹುದು. ನಾವು ಹೆಚ್ಚಾಗಿ ಅವರನ್ನು "ಈಗ ಹೇಗಿದೆ, ಕಡಿಮೆಯಾಯಿತೇ?" ಎಂದು ಕೇಳುತ್ತೇವೆ. ಪ್ರೀತಿಯಿಂದಲೇ ಕೇಳಿದರೂ, ಇಲ್ಲವೆಂದು ಪ್ರತಿ ಸಲವೂ ಹೇಳುವುದು ಅವರಿಗೆ ಭಾರವಾಗುತ್ತದೆ. "ಇಂದು ಏನು ಮಾಡಬೇಕೆಂದಿದ್ದೀರಿ? ನಾನು ಯಾವುದಕ್ಕೆ ಕೈಜೋಡಿಸಲಿ?" ಎಂದು ಕೇಳಿ ನೋಡಿರಿ. ಹೊಸ್ತಿಲಿಗೊಂದು ಇಳಿಜಾರು ಹಲಗೆ, ಬಚ್ಚಲಿಗೊಂದು ಹಿಡಿಕೆ, ದೇವಾಲಯದ ಪೀಠಗಳ ನಡುವೆ ಗಾಲಿಕುರ್ಚಿಗೆ ಒಂದಿಷ್ಟು ಜಾಗ: ಇವನ್ನು ಒದಗಿಸಲು ನಾವು ವೈದ್ಯರಾಗಿರಬೇಕಿಲ್ಲ.