ಆರು ಗೆಲುವುಗಳ ನಿಯಮ: ಚದುರಂಗದ ಇತಿಹಾಸದ ಒಂದು ಅಧ್ಯಾಯ

ಚದುರಂಗ ಭಾರತದಲ್ಲಿ ಹುಟ್ಟಿ, ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ದಾಟಿ ಯುರೋಪನ್ನು ಸೇರಿದ ಆಟವೆಂಬುದು ನಮ್ಮ ವಿದ್ಯಾರ್ಥಿಗಳಿಗೂ ತಿಳಿದ ಸಂಗತಿ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಆಟಿ ತಿಂಗಳ ಜಡಿಮಳೆಗೆ ಚೆನ್ನೆಮಣೆ ಹೊರಬರುತ್ತಿದ್ದಂತೆಯೇ, ಕೆಲವು ಜಗಲಿಗಳಲ್ಲಿ ಚದುರಂಗದ ಹಾಸೂ ಬಿಚ್ಚಿಕೊಳ್ಳುತ್ತಿತ್ತು. ಹೊತ್ತು ಕಳೆಯುವುದಕ್ಕೆ, ಬುದ್ಧಿಯನ್ನು ಮಸೆಯುವುದಕ್ಕೆ ಆಡುವ ಆಟವೆಂದೇ ಹಿರಿಯರು ಅದನ್ನು ಕಂಡರು. ಈ ದೃಷ್ಟಿಯ ಅತ್ಯುಚ್ಚ ರೂಪವನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಲ್ಲಿ (1794–1868) ಕಾಣಬಹುದು. 1831ರಲ್ಲಿ ರಾಜ್ಯದ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಅವರು ವಿದ್ಯೆ, ಕಲೆ ಮತ್ತು ಆಟಗಳಲ್ಲಿ ಮನಸ್ಸನ್ನು ತೊಡಗಿಸಿದರು. ಚದುರಂಗದ ಕುದುರೆಯೊಂದೇ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಸುತ್ತಿಬರುವ ನಡೆಗಳನ್ನು ರಚಿಸಿದರು. ಆ ಕ್ರಮಸಂಖ್ಯೆಗಳನ್ನು ಕೂಡಿದರೆ ಸಾಲುಸಾಲಿಗೂ ಒಂದೇ ಮೊತ್ತ ಬರುವಂತೆ ಹೆಣೆದ ನಡೆಗಳೂ ಅವುಗಳಲ್ಲಿವೆ. ಆ ಆಟದಲ್ಲಿ ಎದುರಾಳಿಯೇ ಇಲ್ಲ, ಆದ್ದರಿಂದ ಸೋಲುವವರೂ ಇಲ್ಲ.

ಚದುರಂಗಕ್ಕೆ ಇನ್ನೊಂದು ಮುಖವೂ ಉಂಟು. ಕಳೆದ ಕೆಲವು ವರ್ಷಗಳಿಂದ ನಮ್ಮ ಮಕ್ಕಳೂ ಉಪಜಿಲ್ಲಾ ಮಟ್ಟದ ಸ್ಪರ್ಧೆಗಳಿಗೆ ಹೋಗುತ್ತಿರುವುದರಿಂದ ಆ ಮುಖದ ನೆರಳು ನಮ್ಮ ಅಂಗಳದವರೆಗೂ ಬಂದಿದೆ. ಸ್ಪರ್ಧೆಯ ಕೋಣೆಯ ಕಿಟಕಿಗೆ ಅಂಟಿ ನಿಂತ ಹೆತ್ತವರ ಮುಖಗಳನ್ನು ಕಂಡಾಗಲೆಲ್ಲ, ಈ ಆಟದ ಇತಿಹಾಸದ ಒಂದು ಅಧ್ಯಾಯವನ್ನು ಅವರೊಡನೆ ಹಂಚಿಕೊಳ್ಳಬೇಕೆಂದು ನನಗೆ ಅನ್ನಿಸಿದೆ. ಅದು ಒಂದು ನಿಯಮದ ಕಥೆ. ಮೇಲ್ನೋಟಕ್ಕೆ ಅತ್ಯಂತ ನ್ಯಾಯಯುತವಾಗಿ ತೋರುವ ಆ ನಿಯಮ ಹೀಗಿದೆ: ನಿಗದಿತ ಸಂಖ್ಯೆಯ ಗೆಲುವುಗಳನ್ನು ಮೊದಲು ಪಡೆದವನೇ ವಿಜಯಿ, ಸಮವಾದ ಆಟಗಳಿಗೆ ಲೆಕ್ಕವಿಲ್ಲ.

ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಪಂದ್ಯವೆಂದು ಒಪ್ಪಿತವಾದದ್ದು 1886ರಲ್ಲಿ ಅಮೆರಿಕದಲ್ಲಿ ವಿಲ್ಹೆಲ್ಮ್ ಸ್ಟೈನಿಟ್ಜ್ ಮತ್ತು ಯೊಹಾನೆಸ್ ಜುಕರ್ಟಾರ್ಟ್ ನಡುವೆ ನಡೆದ ಪಂದ್ಯ. ಮೊದಲು ಹತ್ತು ಆಟ ಗೆದ್ದವನಿಗೆ ಪಟ್ಟ. ಆರಂಭದಲ್ಲಿ 4–1ರಿಂದ ಮುಂದಿದ್ದ ಜುಕರ್ಟಾರ್ಟ್ ಕೊನೆಗೆ 10–5ರಿಂದ ಸೋತರು. ಆ ಪಂದ್ಯದಲ್ಲಿ ಸಮವಾದ ಆಟಗಳು ಐದು ಮಾತ್ರ. ಒಟ್ಟು 20 ಆಟಗಳಲ್ಲಿ ಎಲ್ಲವೂ ಮುಗಿಯಿತು. ಆಗ ರಕ್ಷಣೆಯ ವಿದ್ಯೆ ಇನ್ನೂ ಬೆಳೆದಿರಲಿಲ್ಲ. ಆಟಗಾರರು ದಾಳಿಗೆ ಹೊರಡುತ್ತಿದ್ದರು, ಗೆಲ್ಲುತ್ತಿದ್ದರು ಇಲ್ಲವೇ ಸೋಲುತ್ತಿದ್ದರು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಪಾಬ್ಲಾಂಕಾ ಮತ್ತು ಅಲೆಖಿನ್ ಆರು ಗೆಲುವುಗಳಿಗಾಗಿ ಕುಳಿತಾಗ ಚಿತ್ರ ಬದಲಾಗಿತ್ತು. 34 ಆಟಗಳು, ಅವುಗಳಲ್ಲಿ 25 ಸಮ. ಗೆಲುವಿನ ಗುರಿ ಹತ್ತರಿಂದ ಆರಕ್ಕೆ ಇಳಿದಿದ್ದರೂ ಪಂದ್ಯ ಹಿಗ್ಗಿತ್ತು. ಇಬ್ಬರೂ ಸೋಲದಿರುವುದನ್ನು ಚೆನ್ನಾಗಿ ಕಲಿತಷ್ಟೂ ಈ ನಿಯಮ ಅವರನ್ನು ಹೆಚ್ಚು ದಿನ ಕಟ್ಟಿಹಾಕುತ್ತದೆ ಎಂಬ ಸತ್ಯ ಅಂದೇ ಕಣ್ಣಿಗೆ ಬೀಳಬೇಕಿತ್ತು. ಮುಂದೆ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆ ಪಂದ್ಯಗಳ ಹೊಣೆ ಹೊತ್ತಾಗ 24 ಆಟಗಳ ಮಿತಿ ಬಂತು. ಗೆಲುವಿಗೆ ಒಂದು ಅಂಕ, ಸಮಕ್ಕೆ ಅರ್ಧ ಅಂಕ. 12–12 ಆದರೆ ಪಟ್ಟ ಹಳಬನಲ್ಲೇ ಉಳಿಯುತ್ತದೆ.

ಈ ವ್ಯವಸ್ಥೆಯನ್ನು ಅಲುಗಿಸಿದವರು ಬಾಬಿ ಫಿಷರ್. 1948ರಿಂದ ಸೋವಿಯತ್ ಆಟಗಾರರ ಕೈಯಲ್ಲೇ ಇದ್ದ ಪಟ್ಟವನ್ನು ಅವರು 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಬೋರಿಸ್ ಸ್ಪಾಸ್ಕಿಯವರಿಂದ 12½–8½ರಿಂದ ಕಿತ್ತುಕೊಂಡರು. ಮೊದಲ ಆಟ ಸೋತು, ಕ್ಯಾಮೆರಾಗಳ ಸದ್ದಿನ ಬಗ್ಗೆ ಮುನಿದು ಎರಡನೆಯ ಆಟಕ್ಕೆ ಬಾರದೆ, ಮೂರನೆಯದನ್ನು ಪ್ರೇಕ್ಷಕರಿಲ್ಲದ ಹಿಂಬದಿಯ ಕೋಣೆಯಲ್ಲಿ ಆಡಿ ಗೆದ್ದ ಅವರ ಕಥೆ ಪ್ರಸಿದ್ಧವಾದುದು. ಎದುರಾಳಿಯ ಅಹಂಕಾರ ಮುರಿಯುವ ಗಳಿಗೆಯೇ ತನಗೆ ಅತ್ಯಂತ ಸುಖದ ಗಳಿಗೆ ಎಂದು ದೂರದರ್ಶನದ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದವರು ಅವರು. ಆ ಪಂದ್ಯದ ಆರನೆಯ ಆಟದಲ್ಲಿ ಸೋತ ಸ್ಪಾಸ್ಕಿ ಎದ್ದುನಿಂತು ಪ್ರೇಕ್ಷಕರೊಡನೆ ತಾವೂ ಚಪ್ಪಾಳೆ ತಟ್ಟಿದ್ದನ್ನು ಮಾತ್ರ ಇಲ್ಲಿ ನೆನೆಯದೆ ಮುಂದೆ ಹೋಗಲು ನನ್ನಿಂದಾಗದು.

ಪಟ್ಟ ದೊರೆತ ಮೇಲೆ ಫಿಷರ್ ಮುಂದಿಟ್ಟ ಬೇಡಿಕೆ ಅವರ ಸ್ವಭಾವಕ್ಕೆ ತಕ್ಕುದಾಗಿತ್ತು. ಮುಂದಿನ ಪಂದ್ಯ ಹತ್ತು ಗೆಲುವುಗಳದಾಗಬೇಕು. ಆಟಗಳ ಸಂಖ್ಯೆಗೆ ಮಿತಿ ಇರಕೂಡದು. 9–9 ಆದರೆ ಪಟ್ಟ ತನ್ನಲ್ಲೇ ಉಳಿಯಬೇಕು. ಒಂದೆರಡು ಆಟ ಗೆದ್ದು ಉಳಿದವನ್ನು ಸಮ ಮಾಡಿಕೊಳ್ಳುತ್ತ ದಡ ಸೇರುವ ಜಾಣತನಕ್ಕೆ ಅವಕಾಶವಿರಬಾರದೆಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಫಿಡೆ ಬಹುಪಾಲನ್ನು ಒಪ್ಪಿ, ಕೊನೆಯ ಷರತ್ತನ್ನು ನಿರಾಕರಿಸಿತು. ಫಿಷರ್ ಆಡಲಿಲ್ಲ. 1975ರ ಏಪ್ರಿಲ್‌ನಲ್ಲಿ ಅನಾತೊಲಿ ಕಾರ್ಪೊವ್ ಒಂದು ಕಾಯಿಯನ್ನೂ ನಡೆಸದೆ ವಿಶ್ವ ಚಾಂಪಿಯನ್ ಆದರು. ಫಿಷರ್ ಇಪ್ಪತ್ತು ವರ್ಷ ಸಾರ್ವಜನಿಕ ಪಂದ್ಯಗಳಿಂದ ದೂರವೇ ಉಳಿದರು. ಮನುಷ್ಯ ಹೋದರೂ ಅವನ ಹಠ ನಿಯಮದೊಳಗೆ ಉಳಿಯಿತು. 1978ರಿಂದ ಆರು ಗೆಲುವು, ಮಿತಿಯಿಲ್ಲದ ಆಟ.

ಹೊಸ ನಿಯಮದ ಮೊದಲ ಪಂದ್ಯ ಫಿಲಿಪ್ಪೀನ್ಸ್‌ನ ಬಾಗಿಯೊ ನಗರದಲ್ಲಿ ನಡೆಯಿತು. 27 ವರ್ಷದ ಕಾರ್ಪೊವ್ ಎದುರು 47 ವರ್ಷದ ವಿಕ್ಟರ್ ಕೊರ್ಚ್‌ನೊಯ್. ಎರಡು ವರ್ಷಗಳ ಹಿಂದೆ ಆಮ್‌ಸ್ಟರ್‌ಡಾಮ್‌ನಲ್ಲಿ ಸೋವಿಯತ್ ಒಕ್ಕೂಟವನ್ನು ತೊರೆದಿದ್ದ ಕೊರ್ಚ್‌ನೊಯ್ ಅವರ ಹೆಂಡತಿ ಮತ್ತು ಮಗ ಅಲ್ಲಿಯೇ ಉಳಿದಿದ್ದರು. ದೇಶ ಬಿಡಲು ಅವರಿಗೆ ಅನುಮತಿ ಇರಲಿಲ್ಲ. ಮಗ ಮುಂದೆ ಸೈನ್ಯದ ಸೇವೆ ತಪ್ಪಿಸಿಕೊಂಡನೆಂಬ ಆರೋಪದ ಮೇಲೆ ಸೆರೆಮನೆ ಸೇರಿದ. ಇಂಥ ಭಾರ ಹೊತ್ತು ಮೇಜಿಗೆ ಬಂದವನಿಗೆ ಎದುರಿನ ಮನುಷ್ಯ ಬರಿಯ ಆಟಗಾರನಾಗಿ ಕಾಣಲಾರ.

ಆ ಸಭಾಂಗಣದಲ್ಲಿ ನಡೆದದ್ದನ್ನು ಇಂದು ಓದುವಾಗ ನಗು ಬರುತ್ತದೆ, ಕೊಂಚ ಹೊತ್ತಿನಲ್ಲಿ ನಗು ನಿಲ್ಲುತ್ತದೆ. ಕಾರ್ಪೊವ್ ಅವರಿಗೆ ಆಟದ ನಡುವೆ ಒಂದು ಬಟ್ಟಲು ಯೋಗರ್ಟ್, ಅಂದರೆ ನಮ್ಮ ಮೊಸರಿನಂಥದು, ಬಂದಾಗ ಅದು ಗುಪ್ತ ಸಂದೇಶವಿರಬಹುದೆಂದು ಎದುರು ಪಕ್ಷ ದೂರಿತು. ಅದನ್ನು ಯಾವಾಗ, ಹೇಗೆ ಕೊಡಬೇಕೆಂಬುದಕ್ಕೂ ನಿಯಮವಾಯಿತು. ಸೋವಿಯತ್ ತಂಡದ ಜೊತೆ ಬಂದಿದ್ದ ವ್ಲಾದಿಮಿರ್ ಜುಖಾರ್ ಎಂಬ ಮನಶ್ಶಾಸ್ತ್ರಜ್ಞ ಮುಂದಿನ ಸಾಲಿನಲ್ಲಿ ಕುಳಿತು ಕೊರ್ಚ್‌ನೊಯ್ ಅವರನ್ನೇ ಎವೆಯಿಕ್ಕದೆ ನೋಡುತ್ತಿದ್ದ. ಕೊರ್ಚ್‌ನೊಯ್ ಕನ್ನಡಿಯಂತೆ ಹೊಳೆಯುವ ಕನ್ನಡಕ ಧರಿಸಿ ಬಂದರು. ಕೊನೆಗೆ ಆನಂದಮಾರ್ಗ ಪಂಥದ ಇಬ್ಬರು ಕಾವಿಧಾರಿಗಳಿಂದ ಧ್ಯಾನ ಕಲಿತರು. ನಮ್ಮ ದೇಶದ ಯೋಗವಿದ್ಯೆ ಹೀಗೆ ಒಂದು ಚದುರಂಗದ ಜಗಳದೊಳಗೆ ಆಯುಧವಾಗಿ ಪ್ರವೇಶಿಸಿತು! ಚಿತ್ತವೃತ್ತಿಗಳ ನಿರೋಧಕ್ಕಾಗಿ ಹುಟ್ಟಿದ ವಿದ್ಯೆ ಎದುರಾಳಿಯ ನಿರೋಧಕ್ಕೆ ಒದಗಿದ್ದನ್ನು ಪತಂಜಲಿ ಕಂಡಿದ್ದರೆ ಏನನ್ನುತ್ತಿದ್ದರೋ.

27 ಆಟಗಳ ಬಳಿಕ ಕಾರ್ಪೊವ್ 5–2ರಿಂದ ಮುಂದಿದ್ದರು. ಇನ್ನೊಂದೇ ಗೆಲುವು ಸಾಕಿತ್ತು. ಆಗ ಕೊರ್ಚ್‌ನೊಯ್ ನಾಲ್ಕು ಆಟಗಳಲ್ಲಿ ಮೂರನ್ನು ಗೆದ್ದು 5–5 ಮಾಡಿದರು. ಮೂರು ತಿಂಗಳ ಆಟವೆಲ್ಲ ಅಳಿಸಿಹೋಗಿ, ಮೊದಲ ದಿನದಂತೆ ಇಬ್ಬರೂ ಸಮಾನರಾಗಿ ನಿಂತರು. 32ನೆಯ ಆಟವನ್ನು ಕಾರ್ಪೊವ್ ಗೆದ್ದರು. 1981ರಲ್ಲಿ ಇಟಲಿಯ ಮೆರಾನೊದಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ 18 ಆಟಗಳಲ್ಲೇ ಕಾರ್ಪೊವ್ 6–2ರಿಂದ ಗೆದ್ದದ್ದರಿಂದ, ನಿಯಮದ ಅಪಾಯವನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲವೆಂದು ತೋರುತ್ತದೆ.

ಅಪಾಯ ಪೂರ್ಣ ರೂಪದಲ್ಲಿ ಪ್ರಕಟವಾದದ್ದು ಮಾಸ್ಕೋದಲ್ಲಿ. 1984ರ ಸೆಪ್ಟೆಂಬರ್ 10ರಂದು ಕಾರ್ಪೊವ್ ಎದುರು ಬಾಕು ನಗರದ 21 ವರ್ಷದ ಗ್ಯಾರಿ ಕಾಸ್ಪರೋವ್ ಕುಳಿತರು. ಒಂಬತ್ತು ಆಟಗಳಲ್ಲಿ ಕಾರ್ಪೊವ್ ನಾಲ್ಕನ್ನು ಗೆದ್ದರು. ತರುಣ ಒಂದನ್ನೂ ಗೆಲ್ಲಲಿಲ್ಲ. ಬೇರೆ ಯಾವ ಪದ್ಧತಿಯಲ್ಲಾದರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಮಕ್ಕೆ ಲೆಕ್ಕವಿಲ್ಲದ ಕಡೆ ಸಮ ಮಾಡಿಕೊಳ್ಳುವುದೇ ಬದುಕಿ ಉಳಿಯುವ ದಾರಿ. ಕಾಸ್ಪರೋವ್ ದಾಳಿಯ ಹುಮ್ಮಸ್ಸನ್ನು ಅದುಮಿಟ್ಟು ಸೋಲದಿರಲು ಕಲಿತರು. ಹತ್ತನೆಯದರಿಂದ ಇಪ್ಪತ್ತಾರನೆಯದರವರೆಗೆ ಒಂದರ ಹಿಂದೆ ಒಂದು ಹದಿನೇಳು ಆಟಗಳು ಸಮವಾದವು. ಕಾರ್ಪೊವ್ ಏಕೆ ಸಾಹಸಕ್ಕೆ ಇಳಿಯಲಿಲ್ಲ? 6–0 ಎಂಬ ಕಳಂಕವಿಲ್ಲದ ಜಯವನ್ನು ಅವರು ಬಯಸಿದ್ದರೆಂಬುದು ಅಂದಿನಿಂದಲೂ ಹಲವರು ಕೊಡುತ್ತ ಬಂದ ವಿವರಣೆ. 1971ರಲ್ಲಿ ಫಿಷರ್ ಇಬ್ಬರು ಗ್ರ್ಯಾಂಡ್‌ಮಾಸ್ಟರರನ್ನು ಸಾಲಾಗಿ 6–0ರಿಂದ ಸೋಲಿಸಿದ್ದರು. ಫಿಷರ್ ಅವರೊಡನೆ ಆಡದೆಯೇ ಪಟ್ಟ ಪಡೆದವರ ಮನಸ್ಸಿನಲ್ಲಿ ಆ ಅಂಕಿ ಇದ್ದಿರಬಹುದೆಂದು ನನಗೂ ಅನ್ನಿಸುತ್ತದೆ. ಬರಿಯ ಗೆಲುವು ಸಾಲದೆ ಪರಿಪೂರ್ಣ ಗೆಲುವೇ ಬೇಕೆನ್ನುವಲ್ಲಿ ಆಸೆ ಭಯದ ರೂಪ ತಾಳುತ್ತದೆ.

27ನೆಯ ಆಟ ಗೆದ್ದು ಕಾರ್ಪೊವ್ 5–0 ಮುಟ್ಟಿದರು. ಪಟ್ಟಕ್ಕೆ ಒಂದೇ ಮೆಟ್ಟಿಲು. ಆ ಮೆಟ್ಟಿಲನ್ನು ಅವರು ಏರಲೇ ಇಲ್ಲ.

ಅಂದಿನ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಐದು ಗಂಟೆಗಳಲ್ಲಿ ಆಟ ಮುಗಿಯದಿದ್ದರೆ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಮುಚ್ಚಿ, ಆಟವನ್ನು ಮತ್ತೊಂದು ದಿನಕ್ಕೆ ಮುಂದೂಡುತ್ತಿದ್ದರು. ಆ ರಾತ್ರಿ ಆಟಗಾರನಿಗೂ ಸಹಾಯಕರಿಗೂ ನಿದ್ರೆಯಿಲ್ಲ. ಲಕೋಟೆಯೊಳಗಿನ ನಡೆ ಯಾವುದಿರಬಹುದೆಂದು ನೂರು ಕವಲುಗಳನ್ನು ಬೆಳಗಿನವರೆಗೆ ಶೋಧಿಸಬೇಕು. ಹೀಗೆ ವಾರ, ತಿಂಗಳು ಕಳೆದರೆ ದೇಹ ತಡೆಯುವುದೆಂತು? ಕುಳಿತಲ್ಲಿಯೇ ಆಡುವ ಈ ಆಟದಲ್ಲಿ ಕಾರ್ಪೊವ್ ಸುಮಾರು ಹತ್ತು ಕಿಲೋ ತೂಕ ಕಳೆದುಕೊಂಡರೆಂದು ವರದಿಯಾಯಿತು. ಮೊದಲೇ ಕೃಶ ಶರೀರದವರು ಅವರು.

ಡಿಸೆಂಬರ್‌ನಲ್ಲಿ, 32ನೆಯ ಆಟದಲ್ಲಿ, ಕಾಸ್ಪರೋವ್ ಮೊದಲ ಬಾರಿ ಗೆದ್ದರು. ಮತ್ತೆ ಹದಿನಾಲ್ಕು ಸಮ. ಆಟ ಭವ್ಯವಾದ ಸ್ತಂಭಗಳ ಸಭಾಂಗಣದಿಂದ ನಗರದ ಅಂಚಿನ ಒಂದು ಹೋಟೆಲಿಗೆ ಸ್ಥಳಾಂತರಗೊಂಡಿತು. 47 ಮತ್ತು 48ನೆಯ ಆಟಗಳನ್ನು ಕಾಸ್ಪರೋವ್ ಸಾಲಾಗಿ ಗೆದ್ದು 5–3 ಮಾಡಿದರು. 48 ಆಟಗಳಲ್ಲಿ 40 ಸಮ. ಐದು ತಿಂಗಳು ಮೀರಿತ್ತು. 1985ರ ಫೆಬ್ರವರಿ 15ರಂದು ಫಿಡೆ ಅಧ್ಯಕ್ಷ ಫ್ಲೊರೆನ್ಸಿಯೊ ಕ್ಯಾಂಪೊಮಾನೆಸ್ ಪತ್ರಿಕಾಗೋಷ್ಠಿ ಕರೆದು, ಆಟಗಾರರ ಬಳಲಿಕೆಯ ಕಾರಣ ನೀಡಿ, ಯಾರನ್ನೂ ವಿಜಯಿಯೆಂದು ಸಾರದೆ ಪಂದ್ಯವನ್ನು ನಿಲ್ಲಿಸಿದರು. ತಾವು ಮುಂದುವರಿಸಲು ಸಿದ್ಧರೆಂದು ಇಬ್ಬರು ಆಟಗಾರರೂ ಹೇಳಿದರು. ಸೋಲುತ್ತಿರುವ ಚಾಂಪಿಯನ್‌ನನ್ನು ಉಳಿಸಲು ಮಾಡಿದ ಉಪಾಯವಿದೆಂದು ಕಾಸ್ಪರೋವ್ ಬಲವಾಗಿ ನಂಬಿದರು.

ಈ ನಿರ್ಧಾರದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ನಿಲ್ಲಿಸಿದ್ದು ತಪ್ಪಲ್ಲ, ನಿಲ್ಲಿಸಿದ ಗಳಿಗೆ ತಪ್ಪು ಎಂಬುದು ನನ್ನ ಅಭಿಪ್ರಾಯ. 5–0 ಇದ್ದಾಗ ಸತತವಾಗಿ ಆಟಗಳು ಸಮವಾಗುತ್ತಿದ್ದ ದಿನಗಳಲ್ಲಿ ಯಾರ ಆರೋಗ್ಯದ ಚಿಂತೆಯೂ ಕೇಳಿಬರಲಿಲ್ಲ. ತರುಣನು ಎರಡು ಆಟ ಸಾಲಾಗಿ ಗೆದ್ದೊಡನೆ ಅದು ನೆನಪಾಯಿತು. ಪರೀಕ್ಷೆ ನಡೆಸುವವರು ಅವಧಿಯ ನಡುವೆ ಗಂಟೆ ಬಾರಿಸಿದರೆ ಅದರ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕೋಣೆಯಲ್ಲಿ ಕುಳಿತ ಮಕ್ಕಳು ಅದನ್ನು ನ್ಯಾಯವೆಂದು ನಂಬುವುದಿಲ್ಲ.

ಹೊಸ ಪಂದ್ಯ ಅದೇ ಸೆಪ್ಟೆಂಬರ್‌ನಲ್ಲಿ ಹಳೆಯ 24 ಆಟಗಳ ಮಿತಿಯೊಡನೆ ಸೊನ್ನೆಯಿಂದ ಆರಂಭವಾಯಿತು. ಕೊನೆಯ ಆಟದಲ್ಲಿ ಕಾರ್ಪೊವ್ ಗೆದ್ದಿದ್ದರೆ 12–12 ಆಗಿ ಪಟ್ಟ ಉಳಿಯುತ್ತಿತ್ತು. ನವೆಂಬರ್ 9ರಂದು ಕಪ್ಪು ಕಾಯಿಗಳಲ್ಲಿ ಆಡಿದ ಕಾಸ್ಪರೋವ್ ಅದನ್ನು ಗೆದ್ದು, 22ನೆಯ ವಯಸ್ಸಿನಲ್ಲಿ ಅಂದಿನವರೆಗಿನ ಅತಿ ಕಿರಿಯ ಚಾಂಪಿಯನ್ ಆದರು. ಆರು ಗೆಲುವುಗಳ ನಿಯಮ ವಿಶ್ವ ಪಟ್ಟದ ಪಂದ್ಯಕ್ಕೆ ಮತ್ತೆ ಬರಲಿಲ್ಲ. ಗಣಕಯಂತ್ರಗಳು ಬಲಗೊಂಡಂತೆ ಲಕೋಟೆಯ ಪದ್ಧತಿಯೂ ಮರೆಯಾಯಿತು.

ಪಂದ್ಯಗಳು ಚಿಕ್ಕವಾದರೂ ಮನಸ್ಸಿನ ಮೇಲಿನ ಒತ್ತಡ ಚಿಕ್ಕದಾಗಲಿಲ್ಲ. 2023ರಲ್ಲಿ ಚಾಂಪಿಯನ್ ಆದ ಚೀನಾದ ಡಿಂಗ್ ಲಿರೆನ್ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದರು. ಹಿಂದಿನ ಪೀಳಿಗೆಯ ಚಾಂಪಿಯನ್ನರ ಬಾಯಲ್ಲಿ ಅಂಥ ಮಾತು ಕೇಳಿದ್ದು ವಿರಳ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ, 14 ಆಟಗಳ ಪಂದ್ಯದ ಕೊನೆಯ ಆಟ ಸಮವಾಗುವ ಹಂತದಲ್ಲಿದ್ದಾಗ, 55ನೆಯ ನಡೆಯಲ್ಲಿ ಅವರು ಆನೆಯನ್ನು ತಪ್ಪು ಮನೆಗೆ ಸರಿಸಿದರು. ಎದುರಿಗಿದ್ದವರು ಚೆನ್ನೈಯ 18 ವರ್ಷದ ಗುಕೇಶ್. ಡಿಂಗ್ ಸೋಲೊಪ್ಪಿದಾಗ ಗುಕೇಶ್ ಅತ್ತರು. ಆಮೇಲೆ ಹಾಸಿನ ಮೇಲೆ ಚದುರಿದ್ದ ಕಾಯಿಗಳನ್ನು ಒಂದೊಂದಾಗಿ ತಮ್ಮ ತಮ್ಮ ಮನೆಗಳಲ್ಲಿ ಜೋಡಿಸಿಟ್ಟರು. ಕಾಸ್ಪರೋವ್ ಅವರ 1985ರ ದಾಖಲೆ ಅಂದು ಮುರಿಯಿತು.

ಕಾರ್ಪೊವ್ ಮತ್ತು ಕಾಸ್ಪರೋವ್ 1986, 1987 ಮತ್ತು 1990ರಲ್ಲಿ ಇನ್ನೂ ಮೂರು ಬಾರಿ ಪಟ್ಟಕ್ಕಾಗಿ ಎದುರಾದರು. ಮೂರು ಬಾರಿಯೂ ಪಟ್ಟ ಕಾಸ್ಪರೋವ್ ಅವರಲ್ಲೇ ಉಳಿಯಿತು. ಇಬ್ಬರ ನಡುವಿನ ವೈಮನಸ್ಯ ಎಲ್ಲರಿಗೂ ಗೊತ್ತಿತ್ತು. ರಾಜಕೀಯ ನಿಲುವಿನಲ್ಲೂ ಅವರು ದೂರದೂರವಿದ್ದರು. 2007ರ ನವೆಂಬರ್‌ನಲ್ಲಿ ಮಾಸ್ಕೋದ ಪ್ರತಿಭಟನೆಯೊಂದರಲ್ಲಿ ಕಾಸ್ಪರೋವ್ ಬಂಧಿತರಾಗಿ ಐದು ದಿನ ಸೆರೆಯಲ್ಲಿದ್ದಾಗ ಅವರನ್ನು ಕಾಣಲೆಂದು ಕಾರ್ಪೊವ್ ಹೋದರು. ಅಧಿಕಾರಿಗಳು ಒಳಗೆ ಬಿಡಲಿಲ್ಲ. ಮೂರು ವರ್ಷಗಳ ನಂತರ ಕಾರ್ಪೊವ್ ಫಿಡೆಯ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಅವರ ಪರವಾಗಿ ಪ್ರಚಾರಕ್ಕೆ ನಿಂತವರಲ್ಲಿ ಕಾಸ್ಪರೋವ್ ಪ್ರಮುಖರು. ಆ ಚುನಾವಣೆಯಲ್ಲಿ ಕಾರ್ಪೊವ್ ಸೋತರು.